ಮುತ್ತಂಗದಾಚೆಗೆ ಹೋಗುವ ಮಗು

ಗಂಡ ಹೆಂಡತಿ ಕೋರ್ಟಿನಲ್ಲಿ ಬೇರೆಯಾದ ಮೇಲೆ ತಾಯಿ ಮಗುವನ್ನು ಕರಕೊಂಡು ರಾಜ್ಯ ಬಿಟ್ಟು ಹೋಗಬಹುದೇ? ಇದು ಬರೀ ಪಟ್ಟಣದವರ ಪ್ರಶ್ನೆಯಲ್ಲ. ಗುಂಡ್ಲುಪೇಟೆ, ಮೈಸೂರು ಕಡೆಯಿಂದ ಹೆಣ್ಣು ತಂದ ಮನೆಗಳು ನಮ್ಮ ವಯನಾಡಿನಲ್ಲೂ ಇವೆ. ಮದುವೆ ಮುರಿದರೆ ಆ ಹೆಣ್ಣುಮಗಳಿಗೆ ತವರು ಎಂದರೆ ಮುತ್ತಂಗದ ಕಾಡಿನಾಚೆ. ಇಲ್ಲಿ ಅವಳಿಗೆ ಉಳಿಯುವುದು ಬಾಡಿಗೆ ಮನೆ, ಅರೆಬರೆ ಮಲಯಾಳ, ಎದುರು ಸಿಕ್ಕರೆ ಮುಖ ತಿರುಗಿಸುವ ನೆಂಟರು.

"ಹೋಗಲಿ ಬಿಡಿ, ಮಗು ತಾಯಿಯದ್ದೇ ಅಲ್ವಾ" ಅನ್ನುವವರು ಕೆಲವರು. "ಅವಳು ಬೇಕಾದ್ರೆ ಹೋಗಲಿ, ಮಗು ನಮ್ಮ ಮನೆತನದ್ದು" ಅನ್ನುವವರು ಹಲವರು. ಎರಡು ಮಾತಿನಲ್ಲೂ ಮಗು ಪಾಲಿಗೆ ಬಂದ ಗದ್ದೆಯ ಹಾಗೆ. ಮಕ್ಕಳು ತಂದೆತಾಯಿಯ ಸೊತ್ತಲ್ಲ, ಆಟದ ಸಾಮಾನೂ ಅಲ್ಲ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟು ರೋಸಿ ಜೇಕಬ್ ಮೊಕದ್ದಮೆಯಲ್ಲಿ 1973ರಷ್ಟು ಹಿಂದೆಯೇ ಹೇಳಿದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಕೋರ್ಟು ನೇಮಿಸಿದ ಪೋಷಕರು ಅದರ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದಾಚೆ ಒಯ್ಯುವಂತಿಲ್ಲ. ಗಮನಿಸಿ, ಅಲ್ಲಿ ರಾಜ್ಯದ ಗಡಿಯ ಮಾತಿಲ್ಲ. ತಿರುವನಂತಪುರಕ್ಕೆ ಒಯ್ದರೂ ಕೇಳಬೇಕಾದದ್ದೇ. ಬತ್ತೇರಿಯಿಂದ ಮೈಸೂರು ಸುಮಾರು 115 ಕಿಲೋಮೀಟರ್. ತಿರುವನಂತಪುರ ಅದರ ಮೂರು ಪಟ್ಟಿಗೂ ಹೆಚ್ಚು.

ಹಾಗಂತ ಗಡಿ ಏನೂ ಅಲ್ಲವೆಂದಲ್ಲ. ಮೂರನೇ ಕ್ಲಾಸಿನವರೆಗೆ ಮಲಯಾಳ ಅಕ್ಷರ ತಿದ್ದಿದ ಮಗು ಅಲ್ಲಿ ಕನ್ನಡದ ಅ ಆ ಇಂದ ಶುರು ಮಾಡಬೇಕು. ಮನೆಯಲ್ಲಿ ಕನ್ನಡ ಮಾತಾಡಿದರೂ ಓದುವುದು ಬೇರೆ. ಮಾಸ್ತರರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಓಣಂಗೆ ಇಲ್ಲಿ ಹತ್ತು ದಿನ ರಜೆ, ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಅಲ್ಲಿ ದಸರಾ ರಜೆ ಉದ್ದ, ಇಲ್ಲಿ ಗಿಡ್ಡ. ಬಂಡೀಪುರದ ರಸ್ತೆಯೋ 2009ರಿಂದ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಭಾನುವಾರ ಮಗುವನ್ನು ನೋಡಲು ಹೋದ ಅಪ್ಪ ಸಂಜೆಯಾಗುತ್ತಲೇ ಗಡಿಯಾರ ನೋಡಬೇಕು.

ಒಂದು ಮಾತು ಮಾತ್ರ ನನಗೆ ಸರಿಬರುವುದಿಲ್ಲ. ನಮ್ಮ ಗಂಡಸರು ಕರ್ನಾಟಕದಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾ ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ. ಮಗುವಿಗೆ ಅಪ್ಪನ ಮುಖ ಕಾಣದೆ ಹೋಯಿತು ಅಂತ ಆಗ ಯಾರೂ ಪಂಚಾಯ್ತಿ ಸೇರಿಸಿದ್ದಿಲ್ಲ. ತಾಯಿ ಚೀಲ ಕಟ್ಟಿದ ದಿನ ಎಲ್ಲರಿಗೂ ದೂರದ ಲೆಕ್ಕ ನೆನಪಾಗುತ್ತದೆ. ಆದರೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಶುಂಠಿಗೆ ಹೋದವನು ಮನಸ್ಸಾದಾಗ ತನ್ನ ಮನೆಗೆ ಬರುತ್ತಾನೆ. ಈ ಅಪ್ಪ ಬೇರೆಯವರ ಜಗಲಿಯಲ್ಲಿ ಕೂತು, ತನ್ನ ಮಗುವನ್ನು ಸ್ವಲ್ಪ ಹೊತ್ತು ಕಳಿಸಿ ಅಂತ ಕೇಳಬೇಕು.

ಅದಕ್ಕೇ ಹೇಳುವುದು: ಬದುಕು ಕಟ್ಟಿಕೊಳ್ಳಲು ಹೋಗುವವಳನ್ನು ಮಗುವನ್ನು ಹಗ್ಗ ಮಾಡಿ ಕಟ್ಟಿಹಾಕುವುದು ನ್ಯಾಯವಲ್ಲ. ಆದರೆ ಹೋಗುವವರು ದಾರಿಯನ್ನು ತಮ್ಮ ಹಿಂದೆ ಮುಚ್ಚಲೂ ಬಾರದು. ಆ ದಾರಿಯ ಖರ್ಚು, ದಣಿವು ಇಬ್ಬರದ್ದೂ. ಅವಳು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನವರೆಗೆ ಮಗುವನ್ನು ತರಲಿ, ಅವನು ಅಲ್ಲಿವರೆಗೆ ಬರಲಿ. ಬೇಸಿಗೆ ರಜೆ ಎರಡೂ ಕಡೆ ಒಟ್ಟಿಗೇ ಬರುತ್ತದೆ. ಅದರಲ್ಲಿ ಒಂದು ತಿಂಗಳು ಇಲ್ಲಿ. ಮಗು ಜೊತೆಗಿಲ್ಲದ ತಂದೆ ಅಥವಾ ತಾಯಿಗೆ ದಿನಾ ಫೋನಿನಲ್ಲಾದರೂ ಮಾತಾಡಲು ಸಿಗಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಯಶಿತಾ ಸಾಹು ಮೊಕದ್ದಮೆಯಲ್ಲಿ ಹೇಳಿತು. ಜೀವನಾಂಶದ ಒಂದು ರೂಪಾಯಿ ಕಳಿಸದೆ "ಮಗು ದೂರ ಹೋಯ್ತು" ಅಂತ ಅಂಗಡಿ ಮುಂದೆ ಅಳುವ ಅಪ್ಪನ ಬಗ್ಗೆ ನನಗೆ ಕನಿಕರ ಕಮ್ಮಿ. ಹೊಡೆಯುವ ಅಪ್ಪನಾದರೆ ಮಾತೇ ಬೇರೆ, ಅಲ್ಲಿ ದೂರವೇ ಮದ್ದು.

ಈ ಲೆಕ್ಕದಲ್ಲಿ ಯಾರೂ ಸೇರಿಸದವರು ಅಪ್ಪನ ಮನೆಯ ಅಜ್ಜಿ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ್ದು, ಶಾಲೆಯ ಗಾಡಿಗೆ ಹತ್ತಿಸಿದ್ದು ಅವರೇ. ಕೋರ್ಟಿನ ಕಾಗದದಲ್ಲಿ ಹುಡುಕಿದರೆ ಅವರ ಹೆಸರು ಸಿಗದು. ದಸರಾ ರಜೆಯಲ್ಲಿ ಮಗು ಬಂದರೆ ಅವರಿಗೂ ನಾಲ್ಕು ದಿನ ಸಿಗುತ್ತದೆ. ಬರದಿದ್ದರೆ, ಕಿವಿ ಮಂದವಾದ ಮುದುಕಿ ಫೋನಿನಲ್ಲಿ ಎಷ್ಟು ಅಂತ ಮಾತಾಡಿಯಾರು?