ಧರ್ಮಾಸ್ಪತ್ರೆಗೆ ಚಿತ್ರಗಳು ಯಾಕೆ?

ಬಡ ರೋಗಿಗಳಿಗೆ ಗಂಜಿಯೂ ಹಾಸಿಗೆಯೂ ಬೇಕಾಗಿರುವಾಗ, ಅವರ ಆಸ್ಪತ್ರೆಯ ದೇವಾಲಯಕ್ಕೆ ಬೆಲೆಯುಳ್ಳ ಚಿತ್ರಗಳನ್ನು ಮಾಡಿಸುವದು ನ್ಯಾಯವೋ? ಬೇಥಾನ್ಯದಲ್ಲಿ ಸುಗಂಧತೈಲದ ವಿಷಯವಾಗಿ ಯೂದನು ಇಂಥದನ್ನೇ ಕೇಳಿದನು. ಕೇಳಿದವನು ಕಳ್ಳನಾದ ಮಾತ್ರಕ್ಕೆ ಪ್ರಶ್ನೆಯನ್ನು ತಳ್ಳಿಬಿಡಲಾಗದು. ಸ್ಪೇನ್ ದೇಶದ ಸೆವಿಲ್ ಪಟ್ಟಣದ ಒಂದು ಆಸ್ಪತ್ರೆಯನ್ನು ಮುಂದಿಟ್ಟುಕೊಂಡು ನಾವು ಇದನ್ನು ಆಲೋಚಿಸೋಣ.

ಅದರ ಹೆಸರು ಕಾರಿದಾದ್, ಅಂದರೆ ಪ್ರೀತಿ. ಮರಣದಂಡನೆ ಹೊಂದಿದವರನ್ನೂ ನದಿಯಲ್ಲಿ ಮುಳುಗಿ ಸತ್ತವರನ್ನೂ ಹೂಣಿಡುವದು ಅಲ್ಲಿಯ ಸಹೋದರಸಂಘದ ಮೊದಲಿನ ಕೆಲಸವಾಗಿತ್ತು. ಮಿಗೆಲ್ ಮಾನ್ಯಾರ ಎಂಬ ಐಶ್ವರ್ಯವಂತನು 1661ರಲ್ಲಿ ಹೆಂಡತಿಯನ್ನು ಕಳಕೊಂಡು, ಮರುವರುಷ ಆ ಸಂಘವನ್ನು ಸೇರಿ, ಬೇಗನೆ ಅದರ ಮುಖ್ಯಸ್ಥನಾಗಿ ಆಸ್ಪತ್ರೆಯನ್ನು ಕಟ್ಟಿಸಿದನು. ದೇವಾಲಯದ ಚಿತ್ರಗಳೂ ಆತನ ಏರ್ಪಾಡೇ.

ಬಾಗಿಲ ಸಮೀಪದಲ್ಲಿ ವಾಲ್ದೆಸ್ ಲೆಯಾಲ್ ಎಂಬವನು ಬರೆದ ಎರಡು ಚಿತ್ರಗಳಿವೆ. ಒಂದರಲ್ಲಿ ಎಲುಬಿನ ಗೂಡಾದ ಮರಣವು ಶವಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ದೀಪವನ್ನು ನಂದಿಸುತ್ತದೆ. ಕಿರೀಟವೂ ಪುಸ್ತಕಗಳೂ ಕೆಳಗೆ ಬಿದ್ದಿವೆ. ಇನ್ನೊಂದರಲ್ಲಿ ತೆರೆದ ಪೆಟ್ಟಿಗೆಯೊಳಗೆ ಬಿಷಪನೊಬ್ಬನ ಹೆಣವನ್ನು ಹುಳಗಳು ತಿನ್ನುತ್ತವೆ. ನೋಡುವದಕ್ಕೆ ಅಸಹ್ಯವೇ ಸರಿ. ಇವುಗಳನ್ನು ದಾಟಿದ ಮೇಲೆ ಮುರಿಯೊ ಎಂಬ ಚಿತ್ರಗಾರನು ಬರೆದ ಆರು ಚಿತ್ರಗಳು: ಬಂಡೆಯಿಂದ ನೀರು ತರಿಸುವ ಮೋಶೆ, ಐದು ರೊಟ್ಟಿ ಎರಡು ಮೀನು, ಅತಿಥಿಗಳನ್ನು ಬರಮಾಡಿಕೊಳ್ಳುವ ಅಬ್ರಹಾಮ, ಉಡುಪು ಹೊಂದುವ ತಪ್ಪಿಹೋದ ಮಗ, ಬೇಥೆಸ್ದ ಕೊಳದ ರೋಗಿ, ಸೆರೆಯಿಂದ ಬಿಡುಗಡೆಯಾಗುವ ಪೇತ್ರ. ಮತ್ತಾಯನ 25ನೆಯ ಅಧ್ಯಾಯದಲ್ಲಿ ಹೇಳಲ್ಪಟ್ಟ ಕರುಣೆಯ ಕಾರ್ಯಗಳು ಆರೇ. ಸಭೆಯ ಪರಂಪರೆಯು ಕೂಡಿಸಿದ ಏಳನೆಯದು ಸತ್ತವರನ್ನು ಹೂಣಿಡುವದು. ಅದು ವೇದಿಯ ಮೇಲೆ ಪೆದ್ರೊ ರೊಲ್ದಾನನು ಕೆತ್ತಿದ ಕ್ರಿಸ್ತನ ಸಮಾಧಿಯಾಗಿ ನಿಂತಿದೆ.

ಈ ಚಿತ್ರಗಳು ಯಾರಿಗಾಗಿ? ರೋಗಿಗಳಿಗೆ ಹಸಿವೆ ಏನೆಂದು ಚಿತ್ರ ತೋರಿಸಿ ಕಲಿಸಬೇಕಾಗಿರಲಿಲ್ಲ. ಸಂಘದವರಲ್ಲಿ ಅನೇಕರು ಕುಲೀನರು. ಹುಣ್ಣು ಮುಟ್ಟಿ ಅಭ್ಯಾಸವಿಲ್ಲದ ಕೈಗಳು. ಅಂಥವರ ಎದುರಿಗೆ ಮುರಿಯೊನ ಮತ್ತೊಂದು ಚಿತ್ರದಲ್ಲಿ ಹಂಗೇರಿಯ ರಾಜಪುತ್ರಿ ಎಲಿಸಬೇತಳು ಬಡ ಹುಡುಗನ ಹುಣ್ಣಿನ ತಲೆಯನ್ನು ತೊಳೆಯುತ್ತಾಳೆ. ಹಣವಂತನನ್ನು ಹಾಸಿಗೆಯ ಬಳಿಗೆ ನಡಿಸಿದ ಚಿತ್ರವನ್ನು ನಾವು ದುಂದುವೆಚ್ಚ ಎನ್ನಲಾರೆವು. ವೇದಿಗೆ ಬಳಿದ ಬಂಗಾರದ ವಿಷಯದಲ್ಲಾದರೋ ನಮಗೆ ಸಮಾಧಾನವಿಲ್ಲ. ಅದು ಯಾರನ್ನು ಯಾವ ಕೆಲಸಕ್ಕೆ ಎಬ್ಬಿಸಿತು? ಮಾನ್ಯಾರನು ತಾನೇ, 1679ರಲ್ಲಿ ಸಾಯುವ ಮುಂಚೆ, ಜನರು ತುಳಿದು ಹೋಗುವ ಬಾಗಿಲ ಬಳಿಯಲ್ಲಿ ತನ್ನನ್ನು ಹೂಣಿಡಬೇಕೆಂದು ಕೇಳಿಕೊಂಡವನು.

1810ರಲ್ಲಿ ಫ್ರೆಂಚ್ ಸೇನಾಪತಿ ಸೂಲ್ಟನು ಮುರಿಯೊನ ಚಿತ್ರಗಳನ್ನು ಒಯ್ದನು. ಆ ಆರರಲ್ಲಿ ನಾಲ್ಕು ತಿರಿಗಿ ಬರಲಿಲ್ಲ. ಲಂಡನ್, ವಾಷಿಂಗ್ಟನ್, ಒಟ್ಟಾವಾ, ಸೇಂಟ್ ಪೀಟರ್ಸ್‌ಬರ್ಗ್ ನಗರಗಳ ಸಂಗ್ರಹಾಲಯಗಳಲ್ಲಿವೆ. ಅವುಗಳ ಸ್ಥಳದಲ್ಲಿ ಈಗ ನಕಲುಗಳು ತೂಗುತ್ತವೆ. ಕೊಳದ ಬಳಿಯ ರೋಗಿಯನ್ನು ಲಂಡನಿನಲ್ಲಿ ನೋಡಿದವನು ಬಣ್ಣವನ್ನು ಹೊಗಳಿ ಮನೆಗೆ ಹೋಗಬಹುದು. ಸೆವಿಲಿನಲ್ಲಿ ನಕಲನ್ನು ನೋಡಿದವನಿಗೋ, ಅದೇ ಕಟ್ಟಡದಲ್ಲಿ ಇಂದಿಗೂ ಬಡ ಮುದುಕರು ಆರೈಕೆ ಹೊಂದುತ್ತಿದ್ದಾರೆ.