ಮೊದಲು ಕಂಬಳಿ, ಆಮೇಲೆ ಚಿತ್ರ



2019ರ ಆಗಸ್ಟ್ ತಿಂಗಳನ್ನು ನಮ್ಮ ಕಡೆಯವರು ಮರೆತಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆದಂಡೆಯ ಜನ ದನಕರುಗಳೊಡನೆ ಪರಿಹಾರ ಕೇಂದ್ರ ಸೇರಿದರು. ದೂರದ ಊರುಗಳಿಂದ ರೊಟ್ಟಿ, ಬಟ್ಟೆ, ಕಂಬಳಿಗಳು ಬಂದವು. ಜೊತೆಗೆ ಕ್ಯಾಮರಾವೂ ಬಂತು. ಒಂದು ಕಂಬಳಿಗೆ ಕೊಡುವವರ ಐದಾರು ಕೈ, ಪಡೆಯುವ ತಾಯಿಯ ತಗ್ಗಿದ ತಲೆ: ಇಂಥ ಚಿತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ಕೊಟ್ಟವರ ಹೆಸರು ಚಿತ್ರದ ಕೆಳಗಿರುತ್ತದೆ. ಆ ತಾಯಿ ಮಾತ್ರ ಬರೀ ‘ಸಂತ್ರಸ್ತೆ’.

ವಾರದ ಹಿಂದೆ ಆಕೆ ಮನೆಗೆ ಬಂದವರಿಗೆ ರೊಟ್ಟಿ ಬಡಿಸಿದವಳಾಗಿರಬಹುದು, ಕಬ್ಬಿನ ಹೊಲದ ಒಡತಿಯಾಗಿರಬಹುದು. ಚಿತ್ರ ಸುಳ್ಳು ಹೇಳಲಿಲ್ಲ, ನಿಜ. ಆದರೆ ಆಕೆಯ ಇಡೀ ಬಾಳನ್ನು ಒಂದು ಕಷ್ಟದ ಗಳಿಗೆಗೆ ಇಳಿಸಿಬಿಟ್ಟಿತು.

“ಫೋಟೋ ಇಲ್ಲದೆ ನೆರವು ಎಲ್ಲಿಂದ ಬರಬೇಕು, ಫಾದರ್?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1984ರಲ್ಲಿ ಇಥಿಯೋಪಿಯಾದ ಬರಗಾಲದ ಚಿತ್ರಗಳನ್ನು ಕಂಡೇ ಲೋಕ ಕೈಬಿಚ್ಚಿ ಕೊಟ್ಟಿತು. ಆದರೆ ಎಲುಬು ಕಾಣುವ ಮಕ್ಕಳನ್ನೇ ನೋಡಿ ನೋಡಿ, ಆಫ್ರಿಕಾ ಎಂದರೆ ಚಾಚಿದ ಕೈ ಎಂಬ ಭಾವನೆ ಹೊರಗಿನವರಲ್ಲಿ ಬೇರೂರಿತು. ಇದನ್ನು ಮನಗಂಡ ಯುರೋಪಿನ ಸೇವಾಸಂಸ್ಥೆಗಳು 1989ರಲ್ಲಿ ಚಿತ್ರಗಳ ಬಳಕೆಗೆ ನೀತಿಸಂಹಿತೆಯೊಂದನ್ನು ಮಾಡಿಕೊಂಡವು.

ಬೇರೆ ದಾರಿ ಉಂಟೇ? ನಮ್ಮ ನಿಪ್ಪಾಣಿಯಲ್ಲೇ ಅದಕ್ಕೆ ಉದಾಹರಣೆ ಇದೆ. ದೀಪಾ ಧನರಾಜ್ ಮತ್ತು ‘ಯುಗಾಂತರ್’ ತಂಡದ ಸಂಗಡಿಗರು 1982ರಲ್ಲಿ ಇಲ್ಲಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳನ್ನು ಕುರಿತು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ತಯಾರಿಸಿದರು. ಅದಕ್ಕಾಗಿ ತಿಂಗಳುಗಟ್ಟಲೆ ಆ ಹೆಂಗಸರ ಜೊತೆ ಕಳೆದು ಅವರ ಮಾತು ಕೇಳಿದರು. ಅವರ ಕಷ್ಟವನ್ನು ಚಿತ್ರ ಮುಚ್ಚಿಡುವುದಿಲ್ಲ. ಆದರೆ ಸಂಘ ಕಟ್ಟಿ ಮುಷ್ಕರ ಹೂಡಿದ ಕತೆಯನ್ನು ಹೇಳುವವರು ಆ ಹೆಂಗಸರೇ. ನೋಡಿದವರಿಗೆ ಕನಿಕರಕ್ಕಿಂತ ಹೆಚ್ಚಾಗಿ ಗೌರವ ಹುಟ್ಟುತ್ತದೆ.

ಪ್ರತಿಯೊಬ್ಬರೂ ದೇವರ ಪ್ರತಿರೂಪವೆಂದು ನಂಬುವ ನಾವು ಆ ಗೌರವವನ್ನು ಮನೆಯಲ್ಲೇ ಕಲಿಸಬೇಕು. 2021ರಲ್ಲೂ ಕೃಷ್ಣೆ ಉಕ್ಕಿದಳು, ಇನ್ನೂ ಉಕ್ಕಬಹುದು. ಅಂದು ನಿಮ್ಮ ಮಗ ನೆರವು ಹೊತ್ತು ಹೋದರೆ, ಮೊದಲು ಕಂಬಳಿ ಕೊಡಲಿ. ಆಮೇಲೆ ಹೆಸರು ಕೇಳಲಿ, ಚಿತ್ರ ತೆಗೆಯಲೇ ಎಂದು ಕೇಳಲಿ. ಕೊಡುವ ಮೊದಲೇ ಕೇಳಿದರೆ, ಚಳಿಯಲ್ಲಿ ನಡುಗುವವಳು ಬೇಡವೆನ್ನುವುದು ಹೇಗೆ? ಆಕೆ ಬೇಡವೆಂದರೆ ಮೊಬೈಲನ್ನು ಜೇಬಿಗಿಟ್ಟುಕೊಂಡು ಬರಲಿ. ಲೆಕ್ಕಕ್ಕೆ ರಸೀದಿ ಸಾಕು.