ಮುತ್ತು ಕಟ್ಟಿದ ಊರಿನ ಹೊಣೆ

ದೇವರ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಸಮಾಜ ಹೇಗೆ ನೆನಪಿಡಬೇಕು ಎಂಬ ಪ್ರಶ್ನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ದೇವದಾಸಿ ಪದ್ಧತಿಯ ಸುತ್ತಲೇ ಏಳುತ್ತದೆ.

ಇಲ್ಲಿನ ಮಾತಿನಲ್ಲಿ ಅದು ಬಸವಿ ಬಿಡುವುದು, ಮುತ್ತು ಕಟ್ಟುವುದು. ಗಂಡು ಸಂತಾನವಿಲ್ಲದವರು ಮಗಳನ್ನು ದೇವರಿಗೆ ಬಿಟ್ಟರೆ ಅವಳು ಮದುವೆಯಿಲ್ಲದೆ ತವರಿನಲ್ಲೇ ಉಳಿದು, ಮಗನಂತೆ ಆಸ್ತಿಗೆ ಹಕ್ಕುದಾರಳಾಗಿ, ಹೆತ್ತವರ ಉತ್ತರಕ್ರಿಯೆಯನ್ನೂ ಮಾಡುತ್ತಿದ್ದಳು. ಇದನ್ನೇ ಹಿಡಿದು ಬಸವಿಗೆ ಸ್ವಾತಂತ್ರ್ಯವಿತ್ತು ಎನ್ನುವವರಿದ್ದಾರೆ. ಆ ಮಾತು ನಿಲ್ಲುವುದಿಲ್ಲ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ಬಡ ದಲಿತ ಮನೆಗಳ ಹುಡುಗಿಯರು. ಪಾಲು ಕೇಳಲು ಅಲ್ಲಿ ಹೊಲವೇ ಇರಲಿಲ್ಲ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಮಗುವಿನ ಕೂದಲು ಜಡೆಗಟ್ಟಿದರೆ ದೇವಿ ಕರೆದಳೆಂದು ಹರಕೆ ಹೊರುತ್ತಿದ್ದರು. ಕೊರಳಿಗೆ ಕೆಂಪು-ಬಿಳಿ ಮಣಿಸರ ಬೀಳುವಾಗ ಎಷ್ಟೋ ಹುಡುಗಿಯರು ಮೈನೆರೆದೂ ಇರಲಿಲ್ಲ.

ಈ ಸೀಮೆ ಸೇರಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ, 1947ರಲ್ಲಿ, ಇದನ್ನು ನಿಷೇಧಿಸುವ ಕಾನೂನು ಬಂತು. 1953ರಲ್ಲಿ ಜಿಲ್ಲೆ ಮೈಸೂರಿಗೆ ಸೇರಿತು. 1982ರಲ್ಲಿ ಕರ್ನಾಟಕ ಮತ್ತೊಂದು ಕಾನೂನು ಮಾಡಿತು. ಆದರೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು.

ಆ ಸಮೀಕ್ಷೆಗಳ ಪಟ್ಟಿಯಲ್ಲಿರುವುದು ಹೆಂಗಸರ ಹೆಸರು ಮಾತ್ರ. ಅವರನ್ನು ಇಟ್ಟುಕೊಂಡು ಬಿಟ್ಟುಹೋದ ಗಂಡಸರನ್ನು ಯಾರೂ ಪಟ್ಟಿ ಮಾಡಲಿಲ್ಲ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಬಂದಾಗ ತಾಯಿ ತಲೆತಗ್ಗಿಸಿ, ಅಜ್ಜನದೋ ಸೋದರಮಾವನದೋ ಹೆಸರು ಬರೆಸಬೇಕಾಯಿತು. ಆ ತಂದೆ ಅದೇ ಊರಿನ ಕಟ್ಟೆಯ ಮೇಲೆ ಗೌರವದಿಂದ ಕೂತಿರಬಹುದು. ನೆನಪೆಂಬುದು ನೊಂದವರ ಹಣೆಗೆ ಅಂಟಿಸಿದ ಚೀಟಿಯಾದರೆ ಅದು ಹಳೆಯ ಅನ್ಯಾಯದ ಮುಂದುವರಿಕೆಯೇ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಕಾನೂನು ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಡಿ ಎಂದು ಕೇಳುವ ಹಕ್ಕು ಕೊಟ್ಟಿತು. ಹೊಣೆ ಹೆಂಗಸಿನ ಹೆಗಲಿನಿಂದ ಸ್ವಲ್ಪವಾದರೂ ಸರಿದದ್ದು ಅಲ್ಲಿ.

ದಕ್ಷಿಣ ಆಫ್ರಿಕಾದಲ್ಲಿ 1996ರಿಂದ ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ ವರ್ಣಭೇದದ ಕಾಲದ ಅಪರಾಧಗಳಿಗೆ ಕ್ಷಮಾದಾನ ಬೇಡಿದವರು ತಾವು ಮಾಡಿದ್ದನ್ನು ತಾವೇ ಹೇಳಬೇಕಿತ್ತು. ಅಲ್ಲಿಯೂ ನ್ಯಾಯ ಪೂರ್ತಿ ಸಿಗಲಿಲ್ಲ. ಆದರೆ ಮಾಡಿದವರು ಬಾಯಿಬಿಡಬೇಕೆಂಬ ನಿಯಮವಿತ್ತು. ಇಲ್ಲಿ ಅಂಥ ಸಂದರ್ಭವೇ ಬಂದಿಲ್ಲ, ಏಕೆಂದರೆ ದೇವಿ ಬೇಡಿದಳು ಎಂಬ ಮಾತಿನ ಹಿಂದೆ ಎಲ್ಲರೂ ಅಡಗಬಹುದು. ಪದ್ಧತಿಯನ್ನು ಬಿಟ್ಟ ಅನೇಕ ಹೆಂಗಸರು ತಮ್ಮ ದೇವಿ ಎಲ್ಲಮ್ಮನನ್ನು ಬಿಟ್ಟಿಲ್ಲ ಎಂಬುದು ಇಲ್ಲಿ ಮುಖ್ಯ. ಅವರ ಭಕ್ತಿ ದೇವಿಯನ್ನೂ ದೇವಿಯ ಹೆಸರು ಹೇಳಿ ಲಾಭ ಪಡೆದವರನ್ನೂ ಬೇರೆ ಮಾಡಿ ನೋಡುತ್ತದೆ. ಧರ್ಮ ತನ್ನ ತಪ್ಪನ್ನು ಒಪ್ಪಿಕೊಂಡರೆ ನಂಬಿಕೆ ಕುಸಿಯುತ್ತದೆ ಎಂಬ ಭಯಕ್ಕೆ ಅವರೇ ಉತ್ತರ.

ಕೂಡ್ಲಿಗಿ ಗಾಂಧೀಜಿಯ ಚಿತಾಭಸ್ಮಕ್ಕೆ ಸ್ಮಾರಕ ಕಟ್ಟಿ ಕಾಯ್ದುಕೊಂಡಿದೆ. ದೇವದಾಸಿ ಪದ್ಧತಿಯನ್ನು ಆ ಗಾಂಧೀಜಿಯೇ ಕಟುವಾಗಿ ಖಂಡಿಸಿದ್ದರು. ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗದ ಭರತ ಹುಣ್ಣಿಮೆ ಜಾತ್ರೆಯಲ್ಲಿ ಮುತ್ತು ಕಟ್ಟದಂತೆ ಅಧಿಕಾರಿಗಳು, ಪೊಲೀಸರು ಕಾಯುತ್ತಾರೆ. ಕಾವಲು ಬೇಕು, ಸಾಲದು. ಹಿಂದೆ ನಡೆದದ್ದು ತಪ್ಪು, ಅದರ ಹೊಣೆ ನಮ್ಮದು ಎಂದು ಪೂಜಾರಿ ಮನೆತನಗಳೂ ಊರ ಹಿರಿಯರೂ ಅದೇ ಜಾತ್ರೆಯಲ್ಲಿ ಭಕ್ತರೆದುರು ಹೇಳಬೇಕು. ಮುತ್ತು ಕಟ್ಟಿಸಿಕೊಂಡ ತಾಯಂದಿರು ಬದುಕಿರುವಾಗಲೇ ಹೇಳಬೇಕು.